ರೈಫಲ್ ಮೋಟು ಮಾಡಿದರೆ ಪಿಸ್ತೂಲ್ ಆಗುವುದಿಲ್ಲ

ಶನಿವಾರ ಇಲ್ಲೇ ಟೆಕ್ಸಾಸ್‌ನ ಒಂದು ಗನ್ ಶೋಗೆ, ಅಂದರೆ ಬಂದೂಕು ಸಂತೆಗೆ, ಹೋಗಿದ್ದೆ. ಬಿಡಿಭಾಗ ಮಾರುವ ಟೇಬಲ್ ಹತ್ತಿರ ನಮ್ಮ ಕಡೆಯ ಹುಡುಗನೊಬ್ಬ ಸಿಕ್ಕಿದ. ಕೈಯಲ್ಲಿ ಹತ್ತು ಇಂಚಿನ ಬ್ಯಾರಲ್ (ನಳಿಗೆ). "ಮನೇಲಿ ರೂಗರ್ 10/22 ರೈಫಲ್ ಇದೆ ಅಣ್ಣ. ಇದನ್ನ ಹಾಕಿ, ಭುಜಕ್ಕೆ ಒರಗಿಸೋ ದೊಡ್ಡ ಸ್ಟಾಕ್ ತೆಗೆದು ಸಣ್ಣ ಹಿಡಿ ಕೂರಿಸಿದ್ರೆ ಪಿಸ್ತೂಲ್ ರೆಡಿ" ಅಂದ. ಪಕ್ಕದಲ್ಲಿದ್ದ ಗೆಳೆಯ, "ಎಲ್ಲರೂ ಮಾಡ್ತಾರೆ, ಏನೂ ಆಗಲ್ಲ ಗುರು" ಅಂತ ಧೈರ್ಯ ತುಂಬುತ್ತಿದ್ದ. ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ. ಆ "ಏನೂ ಆಗಲ್ಲ" ಅನ್ನುವ ಮಾತಿನ ಮೇಲೆ.

ನಾನು ಬಂದೂಕು ಕಂಡರೆ ಮೂಗು ಮುರಿಯುವವನಲ್ಲ, ನಿಮಗೆಲ್ಲ ಗೊತ್ತು. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೋಕಿಗೆ, ಅಂದರೆ ಬಂದೂಕಿಗೆ, ತೋಕ್ ಪೂ ಅನ್ನುವ ಹೂ ಇಟ್ಟು ಕೈಮುಗಿದು ಬೆಳೆದವನು. ಅದಕ್ಕೇ ಈ ಉಡಾಫೆ ನನಗೆ ಸಹಿಸೋಕಾಗಲ್ಲ.

ವಿಷಯ ಇಷ್ಟೇ. ಅಮೆರಿಕದ ಕಾನೂನು ಬಂದೂಕು ಈಗ ಹೇಗೆ ಕಾಣುತ್ತದೆ ಅಂತ ಮಾತ್ರ ನೋಡುವುದಿಲ್ಲ, ಮೊದಲು ಏನಾಗಿತ್ತು ಅಂತಲೂ ಕೇಳುತ್ತದೆ. ರೈಫಲ್ ಆಗಿದ್ದದ್ದನ್ನು ಬದಲಾಯಿಸಿ, ಬ್ಯಾರಲ್ 16 ಇಂಚಿಗಿಂತ ಕಡಿಮೆ ಆದರೆ, ಇಲ್ಲವೇ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಆದರೆ, ಅದು 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ಕೆಳಗೆ ಬರುತ್ತದೆ. ಸ್ಟಾಕ್ ಬಿಚ್ಚಿ ಎಸೆದಿದ್ದೀನಿ ಅಂದರೂ ಅಷ್ಟೇ. ಬಂದೂಕು ಕಾನೂನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಟಿಎಫ್‌ಗೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಒಪ್ಪಿಗೆ ಬಂದ ಮೇಲೆಯೇ ಸ್ಕ್ರೂಡ್ರೈವರ್ ಮುಟ್ಟಬೇಕು. ಮೊದಲು ಜೋಡಿಸಿ ಆಮೇಲೆ ನೋಡೋಣ ಅಂದರೆ ಹತ್ತು ವರ್ಷದವರೆಗೆ ಜೈಲು.

10/22 ಮಾಡುವ ರೂಗರ್ ಕಂಪನಿಯೇ ಚಾರ್ಜರ್ ಅಂತ ಒಂದು ಪಿಸ್ತೂಲ್ ಮಾರುತ್ತದೆ. ಒಳಗಿನ ಯಂತ್ರ 10/22ರದ್ದೇ. ಹತ್ತು ಇಂಚಿನ ಬ್ಯಾರಲ್ ಜೊತೆ ಅಂಗಡಿಯಿಂದ ತಂದರೆ ತಕರಾರಿಲ್ಲ, ಅದು ಪಿಸ್ತೂಲ್ ಆಗಿಯೇ ಕಾರ್ಖಾನೆಯಿಂದ ಬಂದಿದೆ. ಆದರೆ ರೈಫಲ್ ಆಗಿ ಬಂದ 10/22ಕ್ಕೆ ಅದೇ ಅಳತೆಯ ಬ್ಯಾರಲ್ ಹಾಕಿದರೆ ಅಪರಾಧ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸವೇ ಕಾಣದಿರಬಹುದು. ಅದಕ್ಕೇ ಹುಡುಗರು ಎಡವೋದು.

ಅಳತೆಯೂ ಹೊರಗಿನಿಂದ ಟೇಪ್ ಹಿಡಿದು ಆಗುವುದಿಲ್ಲ. ಬಂದೂಕು ಖಾಲಿ ಇದೆ ಅಂತ ಖಚಿತ ಮಾಡಿಕೊಂಡು, ಬೋಲ್ಟ್ (ಬ್ಯಾರಲ್‌ನ ಹಿಂತುದಿಯನ್ನು ಮುಚ್ಚುವ ಭಾಗ) ಮುಚ್ಚಿ, ಬ್ಯಾರಲ್ ಬಾಯಿಂದ ಒಂದು ಮರದ ಕಡ್ಡಿಯನ್ನು ಬೋಲ್ಟಿನ ಮುಖ ಮುಟ್ಟುವವರೆಗೂ ಇಳಿಸುತ್ತಾರೆ. ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಹಾಕಿ, ಹೊರಗೆ ತೆಗೆದು ಅಳೆಯುತ್ತಾರೆ. ತುದಿಗೆ ತಿರುಪಿ ಕೂರಿಸಿದ ಸಾಮಾನು ಲೆಕ್ಕಕ್ಕಿಲ್ಲ. ವೆಲ್ಡ್ ಮಾಡಿಯೋ ಪಿನ್ ಹೊಡೆದು ವೆಲ್ಡ್ ಮಾಡಿಯೋ ಕಾಯಂ ಕೂರಿಸಿದ್ದರೆ ಮಾತ್ರ ಲೆಕ್ಕ. 15.9 ಇಂಚು ಬಂದರೂ ಅದು 16 ಅಲ್ಲ.

"ಸುಪ್ರೀಂ ಕೋರ್ಟೇ ಒಪ್ಪಿದೆಯಲ್ಲ" ಅಂತ ಥಾಂಪ್ಸನ್ ಸೆಂಟರ್ ಅನ್ನುವ ಬಂದೂಕು ಕಂಪನಿಯ ಕೇಸನ್ನು ಎತ್ತುವವರಿದ್ದಾರೆ. ಪೂರ್ತಿ ಓದಿ. ಆ ಕಂಪನಿಯ ಕಂಟೆಂಡರ್ ಒಂದೊಂದೇ ಗುಂಡು ಹಾಕುವ ಪಿಸ್ತೂಲ್. ಜೊತೆಗೆ 21 ಇಂಚಿನ ಬ್ಯಾರಲ್ ಮತ್ತು ಸ್ಟಾಕ್ ಇದ್ದ ಕಿಟ್ ಕೊಡುತ್ತಿದ್ದರು. ಪಿಸ್ತೂಲನ್ನು ಕಾನೂನಿಗೆ ಸರಿಯಾದ ಉದ್ದದ ರೈಫಲ್ ಮಾಡಿಕೊಳ್ಳಬಹುದಿತ್ತು. ಅಂದರೆ ಶುರುವಾದದ್ದು ಪಿಸ್ತೂಲಿನಿಂದ. 1992ರಲ್ಲಿ ಕೋರ್ಟ್ ಕಂಪನಿಯ ಪರ ನಿಂತಿತು. 2011ರಲ್ಲಿ ಎಟಿಎಫ್ ಕೂಡ ಲಿಖಿತವಾಗಿ ಹೇಳಿತು: ಪಿಸ್ತೂಲ್ ಆಗಿದ್ದದ್ದು ರೈಫಲ್ ಆಗಿ ಮತ್ತೆ ಪಿಸ್ತೂಲ್ ಆಗಬಹುದು, ರೈಫಲ್ ಆಗಿ ಶುರುವಾದದ್ದು ಪಿಸ್ತೂಲ್ ಆಗುವಂತಿಲ್ಲ. ಇನ್ನೊಂದು ಮಾತು. ಆ ಕಂಪನಿ ಕದ್ದುಮುಚ್ಚಿ ಏನೂ ಮಾಡಲಿಲ್ಲ. ಅರ್ಜಿ ಹಾಕಿ, 1934ರ ಕಾಯ್ದೆಯ 200 ಡಾಲರ್ ತೆರಿಗೆ ಕಟ್ಟಿ, ಆಮೇಲೆ ಅದನ್ನು ವಾಪಸ್ ಕೊಡಿ ಅಂತ ಕೇಸ್ ಹಾಕಿ ಗೆದ್ದದ್ದು. ಗೆದ್ದವರ ಹೆಸರು ಹೇಳುವವರು ಅವರು ನಡೆದ ದಾರಿಯನ್ನೂ ಹೇಳಬೇಕಲ್ವಾ?

ಈ ನಿಯಮವೇ ಹಳಸಲು ಅನ್ನುತ್ತಾರೆ. ಅದರಲ್ಲಿ ಸತ್ಯ ಇದೆ. 1934ರ ಮಸೂದೆಯಲ್ಲಿ ಮೊದಲು ಪಿಸ್ತೂಲ್‌ಗಳೂ ಇದ್ದವು. ಜನ ರೈಫಲ್ ಕತ್ತರಿಸಿ ಪಿಸ್ತೂಲಿನಂತೆ ಬಚ್ಚಿಡಬಾರದು ಅಂತ ಮೋಟು ರೈಫಲ್ ಸೇರಿಸಿದರು. ಕೊನೆಗೆ ಪಿಸ್ತೂಲ್ ಬಿಟ್ಟುಹೋಯಿತು, ಮೋಟು ರೈಫಲ್ ಉಳಿಯಿತು. 2026ರ ಜನವರಿ 1ರಿಂದ ಆ 200 ಡಾಲರ್ ತೆರಿಗೆಯೂ ಸೊನ್ನೆಯಾಗಿದೆ. ಆದರೆ ಸೊನ್ನೆಯಾದದ್ದು ತೆರಿಗೆ, ನೋಂದಣಿ ಅಲ್ಲ. ಕಾನೂನು ಸರಿ ಇಲ್ಲ ಅಂತ ವಾದ ಮಾಡಿ, ನಿಮ್ಮ ಸಂಸದನಿಗೆ ಬರೆಯಿರಿ. ಇಪ್ಪತ್ತೈದರ ಹುಡುಗನ ಕೈಯಲ್ಲಿ ಅದನ್ನು ಪರೀಕ್ಷೆ ಮಾಡಿಸಬೇಡಿ. ಈಗ ತೆರಿಗೆಯೂ ಇಲ್ಲ ಅಂದಮೇಲೆ ಅರ್ಜಿ ಹಾಕದಿರಲು ಕಾರಣವಾದರೂ ಏನು? ಊರಲ್ಲೂ ಇದೇನು ಹೊಸದಲ್ಲ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಮೋಟು ಮಾಡುವಂತಿಲ್ಲ.

ನನಗೆ ನಿಜವಾಗಿ ಹೆದರಿಕೆ ಆಗೋದು ಇಲ್ಲಿ. ನಮ್ಮವರಲ್ಲಿ ಜಾಸ್ತಿ ಜನ ಇಲ್ಲಿ ಪೌರರಲ್ಲ. ಎಚ್‌1ಬಿ, ವಿದ್ಯಾರ್ಥಿ ವೀಸಾದಲ್ಲಿರುವವರು, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವಂತೆಯೇ ಇಲ್ಲ. ಗ್ರೀನ್ ಕಾರ್ಡ್ ಇದ್ದವರು ಇಟ್ಟುಕೊಳ್ಳಬಹುದು. ಆದರೆ ಬಂದೂಕು ಕಾನೂನು ಮುರಿದು ಶಿಕ್ಷೆಯಾದರೆ ಅದೇ ಗಡೀಪಾರಿಗೆ ಸಾಕು. ಇಲ್ಲೇ ಹುಟ್ಟಿದವನಿಗೆ ಜೈಲು ಮುಗಿದರೆ ಮನೆಯಾದರೂ ಇರುತ್ತದೆ. ನಮ್ಮ ಹುಡುಗನಿಗೆ ಜೈಲಾದ ಮೇಲೆ ವಿಮಾನ. ಹೆಂಡತಿ ಮಕ್ಕಳ ಗತಿ ಏನು? "ಏನೂ ಆಗಲ್ಲ" ಅನ್ನುವವನು ಬಂದು ನೋಡಿಕೊಳ್ಳುತ್ತಾನಾ?

ರಾಜ್ಯದ ಕಾನೂನೂ ನೋಡಿಕೊಳ್ಳಿ. ಟೆಕ್ಸಾಸ್‌ನಲ್ಲಿ ನಡೆಯುವುದು ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ, ಅಲ್ಲಿ ಸಾಮಾನ್ಯ ಜನರಿಗೆ ಮೋಟು ರೈಫಲ್ ನಿಷೇಧ. ಪಿಸ್ತೂಲನ್ನು ರೈಫಲ್ ಮಾಡಿಕೊಳ್ಳುವವರು ಅದು ಮೊದಲು ಪಿಸ್ತೂಲ್ ಆಗಿತ್ತು ಅನ್ನೋದಕ್ಕೆ ಅಂಗಡಿಯ ರಸೀದಿ ಇಟ್ಟುಕೊಳ್ಳಿ. ಅನುಮಾನ ಇದ್ದರೆ ಈ ವಿಷಯ ಬಲ್ಲ ವಕೀಲರನ್ನು ಕೇಳಿ, ಗನ್ ಶೋ ಟೇಬಲ್ ಹತ್ತಿರ ನಿಂತವರನ್ನಲ್ಲ. ಇದರ ಕೆಳಗೆ ಯಾರಾದರೂ "ಏನೂ ಆಗಲ್ಲ ಗುರು" ಅಂತ ಬರೆದರೆ ಅಳಿಸುತ್ತೇನೆ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.