ಒಂದು ಸೀನು, ನಾಲ್ಕು ಗಂಟೆ

ನಿನ್ನೆ ಮಧ್ಯಾಹ್ನ ನಾನು ಸೀನಿದೆ. ಬರೆದು ತಿಳಿಸುವಷ್ಟು ದೊಡ್ಡ ಸಂಗತಿ ಇದೆಂದು ನಾನೂ ಭಾವಿಸಿರಲಿಲ್ಲ. ಆದರೆ ಸೀನು ಮುಗಿದು, ಮಾಸ್ಕ್ ಸರಿಪಡಿಸಿಕೊಂಡು, ಜಾರಿದ ಸ್ಪ್ಯಾನರನ್ನು ಮತ್ತೆ ಬೋಲ್ಟಿನ ಮೇಲೆ ಕೂರಿಸುವಷ್ಟರಲ್ಲಿ ಬೆನ್ನ ಹಿಂದಿನಿಂದ ಧ್ವನಿಯೊಂದು ಕೇಳಿಸಿತು: "ಆರು ಸೆಕೆಂಡು. ಅಂದರೆ ನಾಲ್ಕು ಗಂಟೆ."

ಲೆಕ್ಕ ತಪ್ಪಿರಲಿಲ್ಲ, ಸಿಟ್ಟು ಬಂದದ್ದೇ ಅದಕ್ಕೆ. ನ್ಯೂಟ್ರಿನೋಗಳೆಂದರೆ ಹೆಚ್ಚುಕಡಿಮೆ ಯಾವುದಕ್ಕೂ ತಾಕದೆ ಹಾದುಹೋಗುವ ಸೂಕ್ಷ್ಮ ಕಣಗಳು; ಅಪರೂಪಕ್ಕೊಮ್ಮೆ ನೀರಿಗೆ ತಾಕಿದಾಗ ಮಂದ ಬೆಳಕು ಮಿನುಗುತ್ತದೆ. ಅದನ್ನು ಕಾಣಲೆಂದು ನೆಲದಡಿಯ ದೊಡ್ಡ ನೀರಿನ ತೊಟ್ಟಿಯೊಂದರ ಒಳಗೋಡೆಗೆ, ಬೆಳಕನ್ನು ಹಿಡಿಯುವ 2,400 ಟ್ಯೂಬುಗಳನ್ನು ಕೂರಿಸುವ ಸಿದ್ಧತೆಯಲ್ಲಿ ನಾವಿದ್ದೇವೆ. ಸದ್ಯಕ್ಕೆ ನಡೆಯುತ್ತಿರುವುದು ಬರೀ ತಾಲೀಮು. ತೊಟ್ಟಿಯ ಗೋಡೆಯ ಒಂದು ತುಂಡನ್ನು ಹೋಲುವ ಉಕ್ಕಿನ ಚೌಕಟ್ಟಿಗೆ ಟ್ಯೂಬನ್ನು ಕೂರಿಸುವುದು, ಬಿಚ್ಚುವುದು, ಮತ್ತೆ ಕೂರಿಸುವುದು, ಪ್ರತಿ ಹೆಜ್ಜೆಗೂ ಹಿಡಿದ ಸಮಯವನ್ನು ಕೋಷ್ಟಕದಲ್ಲಿ ತುಂಬುವುದು. ಈ ತಾಲೀಮಿನಲ್ಲಿ ಒಮ್ಮೆ ಆದದ್ದು ಮುಂದೆ 2,400 ಸಲವೂ ಆಗುತ್ತದೆಂದು ಹಿಡಿದರೆ ಒಂದು ಸೆಕೆಂಡು 40 ನಿಮಿಷವಾಗುತ್ತದೆ, ಒಂದು ನಿಮಿಷ 40 ಗಂಟೆಯಾಗುತ್ತದೆ, ಆರು ಸೆಕೆಂಡಿನ ಬಡಪಾಯಿ ಸೀನು ನಾಲ್ಕು ಗಂಟೆಯಾಗಿ ಬೆಳೆದು ನಿಲ್ಲುತ್ತದೆ. "ಪ್ರತಿ ಟ್ಯೂಬಿಗೂ ನಾನು ಸೀನುತ್ತೇನೆಂದು ಯಾರು ಹೇಳಿದರು ಸರ್?" ಎಂದು ಕೇಳಿದೆ. "ಸೀನುವುದಿಲ್ಲವೆಂದು ಯಾರು ಹೇಳಿದರು?" ಎಂದು ಅವರು ಸ್ಟಾಪ್‌ವಾಚನ್ನು ಸೊನ್ನೆಗೆ ತಂದರು.

ಈ ಹಿರಿಯ ಸಹೋದ್ಯೋಗಿಗೆ ನಮ್ಮ ತಂಡದಲ್ಲಿ 'ಗುಣವಂತರು' ಎಂದು ಹೆಸರು. ಸದ್ಗುಣಗಳಿಂದ ಬಂದ ಹೆಸರಲ್ಲ, ಗುಣಿಸುವ ಗುಣದಿಂದ ಬಂದದ್ದು. ಅವರ ಎದುರಿಗೆ ಯಾವ ಅಂಕಿಯೂ ಒಂಟಿಯಾಗಿ ಉಳಿಯುವಂತಿಲ್ಲ. ಪೆಟ್ಟಿಗೆಯ ಅಂಟುಪಟ್ಟಿಯನ್ನು ನಾವು ಉಗುರಿನಿಂದ ಕೆರೆದು ತೆಗೆಯುವುದನ್ನು ಕಂಡರೆ "ಹನ್ನೆರಡು ಸೆಕೆಂಡು, ಎಂಟು ಗಂಟೆ, ಒಬ್ಬನ ಒಂದು ದಿನದ ಕೂಲಿ" ಎನ್ನುತ್ತಾರೆ. ಇಬ್ಬರು ಸೇರಿ ಟ್ಯೂಬನ್ನು ಎತ್ತುವ ಮೊದಲು "ಒಂದು, ಎರಡು, ಮೂರು" ಎಂದು ಎಣಿಸುವುದು ವಾಡಿಕೆಯಷ್ಟೆ. ಗುಣವಂತರು ಆ ಎಣಿಕೆಯನ್ನು ಎರಡಕ್ಕೆ ಇಳಿಸಿ ನಲವತ್ತು ನಿಮಿಷ ಉಳಿಸಿದರು. ಹಳೆಯ ಅಭ್ಯಾಸದಂತೆ ಮೂರಕ್ಕೆ ಎತ್ತಿದವನು ನಾನು, ಎರಡಕ್ಕೇ ಎತ್ತಿದವನು ನನ್ನ ಎದುರಿಗಿದ್ದವನು. ಟ್ಯೂಬು ಬೀಳಲಿಲ್ಲ ಎಂಬುದನ್ನಷ್ಟೇ ಇಲ್ಲಿ ದಾಖಲಿಸಿ ಮುಂದಕ್ಕೆ ಹೋಗುತ್ತೇನೆ.

ಟ್ಯೂಬು ಎಂದ ಕೂಡಲೇ ಉದ್ದನೆಯ ದೀಪವನ್ನು ನೆನೆಯಬಾರದು. ಇದು ಅರ್ಧ ಮೀಟರ್ ಅಗಲದ ಗಾಜಿನ ಬುರುಡೆ, ಕೆಳಗೆ ಸಣ್ಣ ಕತ್ತು, ಒಳಗೆ ನಿರ್ವಾತ. ದೀಪ ವಿದ್ಯುತ್ತನ್ನು ತಿಂದು ಬೆಳಕು ಕೊಡುತ್ತದೆ, ಇದು ಬೆಳಕನ್ನು ತಿಂದು ವಿದ್ಯುತ್ತು ಕೊಡುತ್ತದೆ. ಬುರುಡೆಯ ಒಳಮೈಗೆ ಬಳಿದ ತೆಳುವಾದ ಲೇಪಕ್ಕೆ ಬೆಳಕಿನ ಒಂದು ಕಣ ತಾಕಿದರೆ ಅಲ್ಲಿಂದ ಒಂದು ಎಲೆಕ್ಟ್ರಾನ್ ಹಾರುತ್ತದೆ; ಹೀಗೇಕೆ ಆಗುತ್ತದೆಂದು 1905ರಲ್ಲೇ ಐನ್‌ಸ್ಟೈನ್ ವಿವರಿಸಿದ್ದರು. ಆ ಎಲೆಕ್ಟ್ರಾನ್ ಒಂದು ಲೋಹದ ತಗಡಿಗೆ ಬಡಿದು ಕೆಲವನ್ನು ಎಬ್ಬಿಸುತ್ತದೆ, ಅವು ಮುಂದಿನ ತಗಡಿಗೆ ಬಡಿದು ಇನ್ನಷ್ಟನ್ನು ಎಬ್ಬಿಸುತ್ತವೆ. ಹತ್ತಾರು ಮೆಟ್ಟಿಲು ಇಳಿಯುವಷ್ಟರಲ್ಲಿ ಒಂದು ಹೋಗಿ ಸುಮಾರು ಒಂದು ಕೋಟಿಯಾಗಿರುತ್ತದೆ. ಇದರ ಹೆಸರೇ ಫೋಟೋಮಲ್ಟಿಪ್ಲೈಯರ್, ಅಂದರೆ ಬೆಳಕಿನ ಗುಣಕ. ಗುಣವಂತರು ಈ ಕ್ಷೇತ್ರಕ್ಕೆ ಹೇಗೆ ಬಂದರೆಂದು ನಾನು ಬಹಳ ಕಾಲ ಯೋಚಿಸುತ್ತಿದ್ದೆ. ಈಗ ಅನುಮಾನವಿಲ್ಲ, ಅವರು ನೆಂಟರ ಮನೆಗೆ ಬಂದಿದ್ದಾರೆ. ಒಂದೇ ವ್ಯತ್ಯಾಸವೆಂದರೆ, ತನ್ನ ಮೇಲೆ ಬಿದ್ದ ನಾಲ್ಕು ಕಣಗಳಲ್ಲಿ ಹೆಚ್ಚುಕಡಿಮೆ ಮೂರನ್ನು ಟ್ಯೂಬು ಗಮನಿಸುವುದೇ ಇಲ್ಲ. ಗುಣವಂತರ ಗಮನದಿಂದ ಈವರೆಗೆ ಒಂದು ಸೀನೂ ತಪ್ಪಿಸಿಕೊಂಡಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಲೆಕ್ಕವಿಲ್ಲದೆ ಈ ಕೆಲಸ ಆಗುವುದಿಲ್ಲ. ಪೆಟ್ಟಿಗೆ ತೆರೆದು, ಗಾಜನ್ನು ಒರೆಸಿ, ಬಾರ್‌ಕೋಡ್ ಓದಿಸಿ, ಎತ್ತಿ, ಕೂರಿಸಿ, ಬೋಲ್ಟು ಬಿಗಿದು, ಕೇಬಲ್ ಕಟ್ಟುವುದಕ್ಕೆ ನಮಗೆ ಈಗ 18 ನಿಮಿಷ ಹಿಡಿಯುತ್ತಿದೆ. ಅಂದರೆ 720 ಗಂಟೆ, ಎಂಟು ಗಂಟೆಯ ಪಾಳಿಯಲ್ಲಿ ತೊಂಬತ್ತು ದಿನ. ಚೀನಾದ ಜೂನೋ ಎಂಬ ನ್ಯೂಟ್ರಿನೋ ಪ್ರಯೋಗದಲ್ಲಿ ದೊಡ್ಡ ಟ್ಯೂಬುಗಳೇ 17,612, ಅವುಗಳ ಸಂದಿಯಲ್ಲಿ ಕೂರಿಸಿದ ಚಿಕ್ಕವು ಬೇರೆ 25,600. ಅಲ್ಲಿ ಯಾರಾದರೂ ಸೀನಿದ್ದರೆ ದೊಡ್ಡವುಗಳ ಲೆಕ್ಕದಲ್ಲೇ ಇಪ್ಪತ್ತೊಂಬತ್ತು ಗಂಟೆ ಮೀರುತ್ತದೆಂದು ಗುಣವಂತರು ಹೇಳಿದಾಗ ಅವರ ಕಣ್ಣಿನಲ್ಲಿ ನಿಜವಾದ ಮರುಕವಿತ್ತು.

ಅವರು ಗುಣಿಸದೆ ಬಿಟ್ಟ ಹೆಜ್ಜೆ ಒಂದೇ ಒಂದು: ಟ್ಯೂಬಿನ ಮೇಲೆ ಅಕ್ರಿಲಿಕ್ ಕವಚ ತೊಡಿಸುವುದು. ಎರಡು ನಿಮಿಷ, ಎಂಬತ್ತು ಗಂಟೆ. ಆದರೂ ಯಾರೂ ತುಟಿ ಬಿಚ್ಚುವುದಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ ಎಂಬ ಇಂಥದೇ ಪ್ರಯೋಗದಲ್ಲಿ 2001ರ ನವೆಂಬರ್ 12ರಂದು ತೊಟ್ಟಿಗೆ ಮರಳಿ ನೀರು ತುಂಬುತ್ತಿದ್ದಾಗ ಒಂದು ಟ್ಯೂಬು ಒಳಕ್ಕೆ ಕುಸಿದು ಒಡೆಯಿತು. ಅದರ ಆಘಾತದ ಅಲೆಗೆ ಪಕ್ಕದ್ದು ಒಡೆಯಿತು, ಅದರ ಅಲೆಗೆ ಅದರಾಚೆಯದು. ಕೆಲವೇ ಸೆಕೆಂಡುಗಳಲ್ಲಿ ಸುಮಾರು ಏಳು ಸಾವಿರ ಟ್ಯೂಬುಗಳು ಗಾಜಿನ ಚೂರಾದವು. ಆಮೇಲೆ ಅಲ್ಲಿಯೂ ಕವಚ ಬಂತು. ಗುಣಾಕಾರ ತಾನಾಗಿ ನಡೆದುಹೋದರೆ ಹೇಗಿರುತ್ತದೆಂದು ಗುಣವಂತರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಇನ್ನು ನಿನ್ನೆಯ ರಾತ್ರಿಗೆ ಬರುತ್ತೇನೆ.

ಕೂರಿಸುವ ಮೊದಲು ಪ್ರತಿ ಟ್ಯೂಬನ್ನೂ ಕತ್ತಲ ಕೋಣೆಯಲ್ಲಿಟ್ಟು ಪರೀಕ್ಷಿಸಬೇಕು. ಒಂದು ಸಲಕ್ಕೆ ಹದಿನಾರು, ಒಟ್ಟು 150 ಸರದಿ. ಟ್ಯೂಬು ಮಾಮೂಲಿ ದೀಪದ ಬೆಳಕನ್ನು ಕಂಡು ಬಂದಿದ್ದರೆ, ಆಗ ಅದರ ವಿದ್ಯುತ್ತು ಆರಿಸಿದ್ದರೂ, ಗಂಟೆಗಟ್ಟಲೆ ಇಲ್ಲದ ಬೆಳಕನ್ನು ಕಂಡಂತೆ ಬಡಬಡಿಸುತ್ತದೆ. ಪೂರ್ತಿ ಕತ್ತಲಲ್ಲಿ ಮಲಗಿಸಿ ಸಮಾಧಾನವಾಗುವವರೆಗೆ ಕಾಯಬೇಕು. ನಮ್ಮ ಕೋಣೆಗೆ ಎರಡು ಬಾಗಿಲು, ನಡುವೆ ದಪ್ಪನೆಯ ಕಪ್ಪು ಪರದೆ. ಒಳಗಿನ ಯಂತ್ರಗಳ ಮೇಲೆ ಸಾಸಿವೆ ಕಾಳಿನಷ್ಟು ಮಿನುಗುವ ಹಸಿರು ದೀಪಗಳಿಗೂ ಕಪ್ಪು ಟೇಪು ಅಂಟಿಸಿದ್ದೇವೆ. ಬಾಗಿಲು ತೆರೆದರೆ ಟ್ಯೂಬುಗಳ ಹೈ ವೋಲ್ಟೇಜ್ ತಾನಾಗಿ ಆರಿಹೋಗುವ ಇಂಟರ್‌ಲಾಕ್ ಕೂಡ ಇತ್ತು. ಇತ್ತು ಎನ್ನುತ್ತಿದ್ದೇನೆ, ಏಕೆಂದರೆ ಆರಿದ ವೋಲ್ಟೇಜನ್ನು ಮೆಲ್ಲನೆ ಮತ್ತೆ ಏರಿಸಲು ನಾಲ್ಕು ನಿಮಿಷ ಬೇಕು, ನಾಲ್ಕನ್ನು 150ರಿಂದ ಗುಣಿಸಿದರೆ ಹತ್ತು ಗಂಟೆ, ಆದ್ದರಿಂದ ತಾಲೀಮಿನ ಮಟ್ಟಿಗೆ ಅದನ್ನು ತಪ್ಪಿಸಿಡೋಣವೆಂದು ಕಳೆದ ವಾರದ ಮೀಟಿಂಗಿನಲ್ಲಿ ಒಬ್ಬರು ವಾದಿಸಿ ಗೆದ್ದಿದ್ದರು. ಯಾರೆಂದು ಹೇಳಬೇಕಿಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ಹದಿನಾರೂ ಟ್ಯೂಬುಗಳು ತಣ್ಣಗೆ ಎಣಿಸುತ್ತಿದ್ದವು. ಹೊರಗಿನ ಕಂಪ್ಯೂಟರ್ ಪರದೆಯ ಮೇಲೆ ಆ ಎಣಿಕೆಯ ಹದಿನಾರು ಗೆರೆಗಳು ನೆಲಕ್ಕಂಟಿ ಹರಿಯುತ್ತಿದ್ದವು. ಒಂದು ಕೇಬಲ್ ಸಡಿಲವಾಗಿದೆಯೇನೋ ಎಂಬ ಸಂಶಯ ಬಂದು ಗುಣವಂತರು ತಾವೇ ಒಳಗೆ ಹೋದರು, ಕತ್ತಲಲ್ಲೇ ತಡವಿ ನೋಡುತ್ತೇನೆಂದು. ಎರಡೂ ಬಾಗಿಲುಗಳನ್ನು ಒಂದಾದ ಮೇಲೊಂದರಂತೆ ಸರಿಯಾಗಿ ಮುಚ್ಚಿಕೊಂಡರು, ಪರದೆಯನ್ನೂ ಎಳೆದುಕೊಂಡರು, ಅದರಲ್ಲಿ ಏನೂ ಲೋಪವಿಲ್ಲ. ಸ್ವಲ್ಪ ಹೊತ್ತು ಎಲ್ಲವೂ ಶಾಂತವಾಗಿತ್ತು. ಇದ್ದಕ್ಕಿದ್ದಂತೆ ಹದಿನಾರು ಗೆರೆಗಳೂ ಒಟ್ಟಿಗೆ ಎದ್ದು ಕಂಪ್ಯೂಟರ್ ಪರದೆಯ ಮೇಲಂಚನ್ನು ದಾಟಿ ಮಾಯವಾದವು, ವಿದ್ಯುತ್ ಪೂರೈಕೆಯ ಪೆಟ್ಟಿಗೆಗಳು ಟಕ ಟಕನೆ ಒಂದೊಂದಾಗಿ ಬಿದ್ದುಕೊಂಡವು, ಅಲಾರಂ ಹೊಡೆದುಕೊಳ್ಳತೊಡಗಿತು. ಓಡಿಹೋಗಿ ಬಾಗಿಲು ತೆರೆದು ಪರದೆ ಸರಿಸಿದರೆ, ಕಗ್ಗತ್ತಲ ನಡುವೆ ಗುಣವಂತರ ಮುಖವೊಂದೇ ನೀಲಿಯಾಗಿ ತೇಲುತ್ತಿತ್ತು. ಗದ್ದದ ಕೆಳಗೆ ಮೊಬೈಲ್ ಇತ್ತು.

"ಟೈಮ್ ಎಷ್ಟಾಯಿತು ಅಂತ ನೋಡಿದೆ," ಎಂದರು. "ಒಂದೇ ಒಂದು ಸೆಕೆಂಡು."

ದೀಪದ ಬುಡದಲ್ಲಿ ಕತ್ತಲೆ ಇರುವುದನ್ನು ಕೇಳಿದ್ದೆ. ಕತ್ತಲೆಯ ಬುಡದಲ್ಲಿ ದೀಪವನ್ನು ಕಂಡದ್ದು ಅದೇ ಮೊದಲು. ಬೆಳಕಿನ ಒಂದೇ ಒಂದು ಕಣಕ್ಕಾಗಿ ಹೊಂಚು ಹಾಕಿ ಕುಳಿತ ಹದಿನಾರು ಗುಣಕಗಳ ಎದುರಿಗೆ ಮೊಬೈಲ್ ಪರದೆಯೊಂದನ್ನು ಹಿಡಿದರೆ ಏನಾಗುತ್ತದೆಂಬುದನ್ನು ವಿವರಿಸಲು ನನಗೆ ಮನಸ್ಸಿಲ್ಲ. ವೋಲ್ಟೇಜ್ ಸಕಾಲಕ್ಕೆ ಬಿದ್ದದ್ದರಿಂದ ಟ್ಯೂಬುಗಳು ಉಳಿದುಕೊಂಡವು. ಆದರೆ ಎಲ್ಲವನ್ನೂ ಮತ್ತೆ ಕತ್ತಲಲ್ಲಿ ಮಲಗಿಸಬೇಕಾಯಿತು, ಒಂದು ದಿನ ಹೋಯಿತು. ನಾನು ಬಹಳ ಹೊತ್ತು ತಡೆದುಕೊಂಡಿದ್ದೆ. ಕೊನೆಗೆ ಹೇಳಿಯೇ ಬಿಟ್ಟೆ. "ಒಂದು ದಿನ. ಅಂದರೆ ಐದು ತಿಂಗಳು."

"ಪ್ರತಿ ಸರದಿಗೂ ನಾನು ಮೊಬೈಲ್ ತೆಗೆಯುತ್ತೇನೆಂದು ಯಾರು ಹೇಳಿದರು?"

"ತೆಗೆಯುವುದಿಲ್ಲವೆಂದು ಯಾರು ಹೇಳಿದರು ಸರ್?"

ಆಮೇಲೆ ಮಾಡುವ ಕೆಲಸವಿರಲಿಲ್ಲ. ಕೋಣೆಯ ಹೊರಗೆ ಎರಡು ಖಾಲಿ ಪೆಟ್ಟಿಗೆಗಳ ಮೇಲೆ ಕುಳಿತು ಗೆರೆಗಳು ಇಳಿಯುವುದನ್ನು ಕಾಯುತ್ತಿದ್ದೆವು. ಅಷ್ಟು ಸುಮ್ಮನೆ ಕುಳಿತ ಗುಣವಂತರನ್ನು ನಾನು ಕಂಡಿರಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅವರು ಹಳೆಯ ಕಾಮಿಯೊಕಾಂಡೆಯ ಮಾತು ತೆಗೆದರು. ಸುಮಾರು ಸಾವಿರ ಟ್ಯೂಬುಗಳ ತೊಟ್ಟಿ ಅದು. ಪ್ರೋಟಾನ್ ಕ್ಷಯವನ್ನು, ಅಂದರೆ ಪರಮಾಣುವಿನೊಳಗಿನ ಪ್ರೋಟಾನ್ ತಾನಾಗಿ ಒಡೆಯುವುದನ್ನು, ಹುಡುಕಲೆಂದು ಕಟ್ಟಿದ್ದು, ಆಮೇಲೆ ಸೂರ್ಯನ ನ್ಯೂಟ್ರಿನೋಗಳಿಗಾಗಿ ಮಾರ್ಪಡಿಸಿದ್ದು. ಮಾರ್ಪಾಡು ಮುಗಿದು ದತ್ತಾಂಶ ಬರತೊಡಗಿದ್ದು 1987ರ ಆರಂಭದಲ್ಲಿ. ಅದೇ ಫೆಬ್ರವರಿ 23ರಂದು, ಒಂದೂವರೆ ಲಕ್ಷ ಜ್ಯೋತಿರ್ವರ್ಷಗಳಿಗೂ ಆಚೆ ಎಂದೋ ಸಿಡಿದಿದ್ದ ನಕ್ಷತ್ರವೊಂದರ ನ್ಯೂಟ್ರಿನೋಗಳು ಭೂಮಿಯನ್ನು ಹಾದುಹೋದವು. ಕಾಮಿಯೊಕಾಂಡೆಗೆ ಸಿಕ್ಕಿದ್ದು ಹನ್ನೊಂದು, 13 ಸೆಕೆಂಡುಗಳಲ್ಲಿ. ಅದರ ರೂವಾರಿ ಕೊಶಿಬಾ ಅವರು ಮರುತಿಂಗಳೇ ನಿವೃತ್ತರಾದರು. 2002ರಲ್ಲಿ ನೊಬೆಲ್ ಬಂತು.

"ಅವರ ಕೆಲಸ ಎರಡು ತಿಂಗಳು ತಡವಾಗಿದ್ದರೆ?" ಎಂದು ಗುಣವಂತರು ಕೇಳಿದರು. ನಾನು ಉತ್ತರ ಕೊಡಲಿಲ್ಲ. "ಹದಿಮೂರು ಸೆಕೆಂಡು," ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಗುಣಾಕಾರಕ್ಕಾಗಿ ಕಾದೆ. ಅವರು ಗುಣಿಸಲಿಲ್ಲ. ನಾವು ಇಷ್ಟು ಪಾಡು ಪಟ್ಟು ಕೂರಿಸುವ ಟ್ಯೂಬುಗಳು ಕತ್ತಲ ನೀರಿನಲ್ಲಿ ವರ್ಷಗಟ್ಟಲೆ ಕಣ್ಣು ತೆರೆದುಕೊಂಡಿರುತ್ತವೆ, ಅವು ಕಾಯುವ ಆ ಹದಿಮೂರು ಸೆಕೆಂಡು ನಮ್ಮ ಜೀವಮಾನದಲ್ಲಿ ಬಾರದೆಯೂ ಹೋಗಬಹುದು ಎಂಬ ಯೋಚನೆ ಆಗ ನನಗೂ ಬಂತು. ಪರದೆಯ ಮೇಲೆ ಗೆರೆಗಳು ಇನ್ನೂ ಇಳಿಯುತ್ತಲೇ ಇದ್ದವು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇಂದು ಬೆಳಿಗ್ಗೆ ಇಂಟರ್‌ಲಾಕನ್ನು ಮತ್ತೆ ಜೋಡಿಸಿದೆವು. ಕೋಷ್ಟಕಕ್ಕೆ ನಾನು ಹೊಸ ಸಾಲೊಂದನ್ನೂ ಸೇರಿಸಿದೆ: 'ಒಳಗೆ ಹೋಗುವ ಮೊದಲು ಜೇಬು ತಡವಿ ಮೊಬೈಲನ್ನು ಹೊರಗಿಡುವುದು, 30 ಸೆಕೆಂಡು'. ಗುಣವಂತರು ಅದನ್ನು ಎರಡು ಸಲ ಓದಿದರು, ತಲೆಯಾಡಿಸಿದರು, ಒಪ್ಪಿಗೆಯ ಸಹಿ ಹಾಕಲು ಪೆನ್ನು ತೆಗೆದವರು ಅರ್ಧಕ್ಕೇ ನಿಲ್ಲಿಸಿದರು.

"ಇದನ್ನು ಇಪ್ಪತ್ತು ಸೆಕೆಂಡು ಮಾಡಿ," ಎಂದರು. "ಇಪ್ಪತ್ತೈದು ನಿಮಿಷ ಉಳಿಯುತ್ತದೆ."