ಡಿಸಿಸಿ ಇದ್ದರೆ ಎರಡೇ ವೈರ್ ಸಾಕಾ?

"ಡಿಜಿಟಲ್ ಕಮಾಂಡ್ ಕಂಟ್ರೋಲ್, ಅಂದರೆ ಡಿಸಿಸಿ ಹಾಕಿದರೆ ಇಡೀ ಲೇಔಟ್‌ಗೆ (ಹಳಿಗಳ ಜೋಡಣೆಗೆ) ಎರಡೇ ವೈರ್ ಸಾಕು" ಎಂಬ ಮಾತು ಮಾದರಿ ರೈಲಿನ ಹವ್ಯಾಸಿಗಳ ನಡುವೆ ಓಡಾಡುತ್ತಿದೆ. ಡಿಸಿಸಿ ಎಂದರೆ ಹಳಿಯ ಮೂಲಕವೇ ಕರೆಂಟಿನ ಜೊತೆ ಒಂದೊಂದು ಎಂಜಿನ್‌ಗೂ ಬೇರೆ ಬೇರೆ ಆಜ್ಞೆ ಕಳಿಸುವ ವ್ಯವಸ್ಥೆ. ಆ ಮಾತು ಅರ್ಧ ನಿಜ. ಮೇಜಿನ ಮೇಲಿನ ಪುಟ್ಟ ವೃತ್ತಕ್ಕೆ ಸಾಕು. ಹಳಿ ಉದ್ದವಾದರೆ ಸಾಲದು.

ತೊಂದರೆ ಹಳಿಯಲ್ಲೇ ಇದೆ. ಎರಡು ಹಳಿಗಳ ನಡುವೆ 16.5 ಮಿ.ಮೀ. ಅಂತರವಿರುವ ಎಚ್‌ಒ (ಮಾದರಿ ರೈಲಿನ ಒಂದು ಅಳತೆ) ಹಳಿ ಸಾಮಾನ್ಯವಾಗಿ ನಿಕಲ್ ಸಿಲ್ವರ್‌ನದು. ಹೆಸರಲ್ಲಷ್ಟೇ ಬೆಳ್ಳಿ, ಇರುವುದು ತಾಮ್ರ, ನಿಕಲ್, ಸತು! ತಾಮ್ರದ ವೈರ್‌ಗಿಂತ ಇದು ಕರೆಂಟನ್ನು ಜಾಸ್ತಿ ತಡೆಯುತ್ತದೆ. ಜೊತೆಗೆ ಹಳಿ ಕೂಡಿಸುವ ಜಾಯಿನರ್‌ಗಳು ದಿನ ಕಳೆದಂತೆ ಸಡಿಲವಾಗುತ್ತವೆ, ಕಿಲುಬು ಹಿಡಿಯುತ್ತವೆ. ಅದಕ್ಕೇ ಹಲಗೆಯ ಕೆಳಗೆ ಕರೆಂಟ್ ಒಯ್ಯುವ ಮುಖ್ಯ ದಪ್ಪ ತಾಮ್ರದ ವೈರ್, ಅಂದರೆ ಬಸ್ ವೈರ್ ಎಳೆದು, ಅದರಿಂದ ಪ್ರತಿ ಹಳಿಗೂ ಸುಮಾರು ಮೀಟರಿಗೊಂದು ಸಣ್ಣ ಫೀಡರ್ ವೈರ್ ಬೆಸುಗೆ ಹಾಕುವುದು.

ಅನುಮಾನ ಇದ್ದರೆ ದೂರದ ತುದಿಯಲ್ಲಿ ಎರಡೂ ಹಳಿ ಮುಟ್ಟುವಂತೆ ಒಂದು ನಾಣ್ಯ ಇಡಿ. ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಶಾರ್ಟ್ ಗುರುತಿಸಿ ತಕ್ಷಣ ಟ್ರಿಪ್ ಆಗಬೇಕು, ಅಂದರೆ ಕರೆಂಟ್ ಕಡಿಯಬೇಕು. ಆಗಲಿಲ್ಲವಾ? ಸುಮ್ನೆ ನೋಡುತ್ತಾ ಕೂರಬೇಡಿ, ಪವರ್ ಆಫ್ ಮಾಡಿ. ಅಲ್ಲಿಗೆ ಕರೆಂಟ್ ಸರಿಯಾಗಿ ತಲುಪುತ್ತಿಲ್ಲ.

ಇನ್ನೊಂದು, ರೈಲು ತಿರುಗಿ ಬಂದು ಅದೇ ಹಳಿಗೆ ಸೇರುವ ಲೂಪ್ ಇದ್ದರೆ ಒಂದು ಬದಿಯ ಹಳಿ ಇನ್ನೊಂದು ಬದಿಯ ಹಳಿಗೆ ಸೇರಿ, ಡಿಸಿಸಿಯಲ್ಲೂ ಶಾರ್ಟ್ ಆಗುತ್ತದೆ. ಲೂಪ್‌ನ ಎರಡೂ ತುದಿಗಳಲ್ಲಿ ಎರಡೂ ಹಳಿಗೆ ಕರೆಂಟ್ ದಾಟದಂತೆ ಗ್ಯಾಪ್ ಕೊಟ್ಟು, ಲೂಪ್‌ನ ಕರೆಂಟ್ ದಿಕ್ಕನ್ನು ತಾನಾಗಿಯೇ ಅದಲು ಬದಲು ಮಾಡುವ ಆಟೋ ರಿವರ್ಸರ್ ಹಾಕಿ.