ಸತ್ಯಾಂಶ: 40 ಗಜದ ಓಟ ನೋಡಿಯೇ ಆಟಗಾರರನ್ನು ಆರಿಸುತ್ತಾರಾ?

"ಟಾಮ್ ಬ್ರೇಡಿ ನಿಧಾನವಾಗಿ ಓಡಿದರು. ಅದಕ್ಕೇ 199ನೆಯವರಾಗಿ ಆಯ್ಕೆಯಾದರು. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 40 ಗಜದ ಓಟವೇ ಎಲ್ಲ." ಅಮೆರಿಕನ್ ಫುಟ್‌ಬಾಲ್ ಬಗ್ಗೆ ಹೀಗೊಂದು ಫಾರ್ವರ್ಡ್ ಓಡಾಡುತ್ತಿದೆ. ಎನ್‌ಎಫ್‌ಎಲ್ ಅಂದರೆ ಆ ಆಟದ ವೃತ್ತಿಪರ ಲೀಗ್; ಡ್ರಾಫ್ಟ್ ಅಂದರೆ ಅದರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ. ಇದರಲ್ಲಿ ಅಂಕಿ ಸರಿ, ಅರ್ಥ ತಪ್ಪು.

ಮುಂದೆ ಈ ಆಟದ ದಿಗ್ಗಜರೆನಿಸಿದ ಬ್ರೇಡಿ 2000ರಲ್ಲಿ 5.28 ಸೆಕೆಂಡಿನಲ್ಲಿ ಓಡಿದ್ದು ನಿಜ. ಆದರೆ ಅವರು ಕ್ವಾರ್ಟರ್‌ಬ್ಯಾಕ್. ಅವರ ಮುಖ್ಯ ಕೆಲಸ ಚೆಂಡು ಎಸೆಯುವುದು. ಮೈಕಟ್ಟು ಸಣಕಲು, ತೋಳಿನ ಬಲ ಸಾಲದು ಎಂಬ ಅನುಮಾನಗಳೂ ಇದ್ದವು. ಮಿಷಿಗನ್ ವಿಶ್ವವಿದ್ಯಾಲಯದ ತಂಡದಲ್ಲಿ 1999ರ ಋತುವಿನ ಆರಂಭದಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಡ್ರೂ ಹೆನ್ಸನ್ ಜೊತೆ ಜಾಗ ಹಂಚಿಕೊಳ್ಳಬೇಕಾಗಿತ್ತು. ಹಾಗಿದ್ದರೂ 2000ದ ಜನವರಿಯಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿರುದ್ಧ ಆರೆಂಜ್ ಬೌಲ್ ಎಂಬ ದೊಡ್ಡ ಕಾಲೇಜು ಪಂದ್ಯ ಗೆಲ್ಲಿಸಿದರು. ಆ ಆಟಕ್ಕೆ ಇನ್ನೂ ಜಾಸ್ತಿ ತೂಕ ಕೊಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಓಟವೇ ಎಲ್ಲವಾಗಿದ್ದರೆ, 2024ರಲ್ಲಿ 4.21 ಸೆಕೆಂಡಿನ ದಾಖಲೆ ಮಾಡಿದ ಝೇವಿಯರ್ ವರ್ದಿ ಮೊದಲಿಗರಾಗಬೇಕಿತ್ತು, ಅಲ್ವಾ? ಅವರು ಆಯ್ಕೆಯಾದದ್ದು 28ನೆಯವರಾಗಿ. 2017ರಲ್ಲಿ 4.22ಕ್ಕೆ ಓಡಿದ ಜಾನ್ ರಾಸ್ 9ನೆಯವರಾದರು, ಆದರೆ ಗಾಯಗಳಿಂದ ನಲುಗಿದರು.

ತಂಡಗಳು ಕಾಲೇಜು ಪಂದ್ಯಗಳ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತವೆ. ಕೋಚ್‌ಗಳನ್ನು ವಿಚಾರಿಸುತ್ತವೆ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷಾ ಶಿಬಿರದಲ್ಲಿ ಸಂದರ್ಶನ ಇರುತ್ತದೆ, ವೈದ್ಯರ ತಪಾಸಣೆಯೂ ಇರುತ್ತದೆ. 1982ರಲ್ಲಿ ಇಂಥ ಶಿಬಿರ ಶುರುವಾದದ್ದೇ ಮುಖ್ಯವಾಗಿ ಆ ತಪಾಸಣೆಗಾಗಿ. ಇನ್ನು ಮುಂಚೂಣಿಯಲ್ಲಿ ಎದುರಾಳಿಗಳೊಂದಿಗೆ ಸೆಣಸುವ ದೈತ್ಯ ಗಾತ್ರದ ಲೈನ್‌ಮನ್‌ಗಳ ಓಟದಲ್ಲಿ ಹೆಚ್ಚಾಗಿ ಗಮನಿಸುವುದು ಮೊದಲ 10 ಗಜವನ್ನು. ಪಂದ್ಯದಲ್ಲಿ ಅವರು 40 ಗಜ ಓಡುವುದೇ ಅಪರೂಪ.